ಮುಳ್ಳಿನ ನಾಡಿಗೊಂದು ಸೈಕಲ್

ಹೋದ ಚಳಿಗಾಲದ ಒಂದು ಮುಂಜಾನೆ ವನದುರ್ಗದ ಕೋಟೆ ಗೋಡೆಯ ನೆರಳಿನಲ್ಲಿ ಕೂತು ನಾನೂ ನನ್ನ ಅಣ್ಣನ ಮಗನೂ ಒಂದೇ ಟ್ಯೂಬಿನಲ್ಲಿ ಒಂಬತ್ತು ತೂತು ಎಣಿಸಿದೆವು. ಎಂಟು ನೆಗ್ಗಿಲ ಮುಳ್ಳಿನವು, ಒಂದು ಬಳ್ಳಾರಿ ಜಾಲಿಯದು. ನೆಗ್ಗಿಲು ಮಳೆಗಾಲದಲ್ಲಿ ಹಳದಿ ಹೂ ಬಿಟ್ಟು ನೆಲಕ್ಕೆ ಅಂಟಿಕೊಂಡಿರುತ್ತದೆ. ಸುಗ್ಗಿಯ ಹೊತ್ತಿಗೆ ಒಣಗಿ, ಹೇಗೆ ಬಿದ್ದರೂ ಒಂದು ಮೊನೆ ಮೇಲಕ್ಕೇ ಇರುವ ಗಟ್ಟಿ ಕಾಯಾಗುತ್ತದೆ. ಶಹಾಪುರ, ಸುರಪುರ ಕಡೆ ಸೈಕಲ್ ತುಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಪಂಕ್ಚರ್ ದೊಡ್ಡ ಮಾತಲ್ಲ, ಆ ಸೈಕಲ್ಲಿನ ಉಳಿದ ಸ್ಥಿತಿ ದೊಡ್ಡದಾಗಿತ್ತು. ನಾಲ್ಕು ತಿಂಗಳ ಹಿಂದೆ ದೊಡ್ಡ ಊರಿನ ಒಂದು ಮಳಿಗೆಯಲ್ಲಿ ₹11,500 ಕೊಟ್ಟು ತಂದದ್ದು. ಹಿಂದೆ ಮುಂದೆ ಸ್ಪ್ರಿಂಗ್, ಎರಡೂ ಗಾಲಿಗೆ ಡಿಸ್ಕ್ ಬ್ರೇಕ್, 21 ಗೇರ್, ಮೈತುಂಬ ಸ್ಟಿಕ್ಕರ್. ಹುಡುಗ ಅದರ ಮೇಲೆ ಕಾಲೇಜಿಗೆ ಹೋಗುತ್ತಿದ್ದ, ರಜೆ ಬಂದರೆ ಗುಡ್ಡದ ಹಾದಿ ಹಿಡಿಯುತ್ತಿದ್ದ. ನಾಲ್ಕೇ ತಿಂಗಳಲ್ಲಿ ಹಿಂದಿನ ಗಾಲಿ ಬೆಂಡಾಗಿತ್ತು, ಗೇರ್ ಒಂದರಲ್ಲೇ ಸಿಕ್ಕಿಕೊಂಡಿತ್ತು, ಬ್ರೇಕ್ ಹಿಡಿದರೆ ಕೂಗುತ್ತಿತ್ತೇ ಹೊರತು ನಿಲ್ಲುತ್ತಿರಲಿಲ್ಲ. ಹತ್ತಿ ವ್ಯಾಪಾರಿಯೊಬ್ಬರ ತೂಕದ ಯಂತ್ರಕ್ಕೆ ನೇತುಹಾಕಿ ನೋಡಿದರೆ 19 ಕೆ.ಜಿ.ಗೂ ಮೇಲೆ. ಎಲ್ಲಕ್ಕಿಂತ ನನಗೆ ದಿಗಿಲು ಹುಟ್ಟಿಸಿದ್ದು ಮುಂದಿನ ಫೋರ್ಕ್. ಅದನ್ನು ಹಿಂದುಮುಂದಾಗಿ ಜೋಡಿಸಿದ್ದರು. ನಾಲ್ಕು ತಿಂಗಳು ಹುಡುಗ ಹಾಗೆಯೇ ಇಳಿಜಾರು ಇಳಿದಿದ್ದ.

"ಕಾಕಾ, ಅಂಗಡ್ಯಾಗ ಇದೇ ಎಲ್ಲಾಕಿಂತ ಚಲೋ ಅಂತ ಹೇಳಿದ್ರು" ಅಂದ. ಅವನ ತಪ್ಪೇನೂ ಇರಲಿಲ್ಲ. ಹದಿನೇಳರ ಹುಡುಗ, ಮನೆಯವರು ಕೂಡಿಸಿಕೊಟ್ಟ ದುಡ್ಡು, ಸಾಲಾಗಿ ನಿಲ್ಲಿಸಿದ ಮಿರಿಮಿರಿ ಸೈಕಲ್ಲುಗಳು. ಯಾವುದನ್ನು ನೋಡಬೇಕು ಎಂದು ಅವನಿಗೆ ಹೇಳಿಕೊಡುವವರೇ ಇರಲಿಲ್ಲ. ಈ ಬರಹ ಅಂಥ ಹುಡುಗ ಹುಡುಗಿಯರಿಗೆ, ಅವರ ಜೊತೆ ಅಂಗಡಿಗೆ ಹೋಗುವ ಅಪ್ಪ, ಕಾಕಾ, ಮಾಮಾಗಳಿಗೆ.

ಮೊದಲು ಒಂದು ಮಾತನ್ನು ಗಟ್ಟಿ ಮಾಡಿಕೊಳ್ಳಿ: ಕೈಯಲ್ಲಿರುವ ದುಡ್ಡು ಕಡಿಮೆ ಇದ್ದಷ್ಟೂ ಸೈಕಲ್ ಸರಳವಾಗಿರಬೇಕು. ಕಾರ್ಖಾನೆಯವರು ಹತ್ತು ಹನ್ನೆರಡು ಸಾವಿರದೊಳಗೆ ಎರಡು ಸ್ಪ್ರಿಂಗ್, ಎರಡು ಡಿಸ್ಕ್, 21 ಗೇರ್ ಎಲ್ಲವನ್ನೂ ತುರುಕಬೇಕಾದರೆ ಎಲ್ಲಾದರೂ ಕೈ ಬಿಗಿ ಹಿಡಿಯಲೇಬೇಕು. ಅವರು ಹಿಡಿಯುವುದು ಕಣ್ಣಿಗೆ ಬೀಳದ ಕಡೆ. ಹಬ್ಬಿನ ಒಳಗಿನ ಗುಂಡು, ರಿಮ್ಮಿನ ದಪ್ಪ, ಕಡ್ಡಿಗಳ ಬಿಗಿ, ಪೆಡಲಿನ ಎಕ್ಸಲ್ ಇವೇ ಮೊದಲು ಸೊರಗುತ್ತವೆ. ಸೈಕಲ್ ಓಡುವುದು ಮಾತ್ರ ಇವುಗಳ ಮೇಲೆಯೇ. ಅದೇ ದುಡ್ಡಿಗೆ ಹಿಂದೆ ಸ್ಪ್ರಿಂಗ್ ಇಲ್ಲದ, ಸಾದಾ ಬ್ರೇಕಿನ ಸೈಕಲ್ ತೆಗೆದುಕೊಂಡರೆ ಈ ಭಾಗಗಳು ಒಂದು ಮೆಟ್ಟಿಲು ಮೇಲಿನವು ಸಿಗುತ್ತವೆ.

ಸ್ಪ್ರಿಂಗ್ ಇಲ್ಲದಿದ್ದರೆ ಅದು ಮೌಂಟನ್ ಬೈಕೇ ಅಲ್ಲ ಎಂದು ಹುಡುಗರು ವಾದ ಮಾಡುತ್ತಾರೆ. ಅವರಿಗೆ ಹಳೆಯ ಕಥೆಯೊಂದನ್ನು ಹೇಳಬೇಕು. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಟಾಮಲ್ಪೈಸ್ ಎಂಬ ಬೆಟ್ಟದ ಆಸುಪಾಸಿನ ಮಣ್ಣು ಹಾದಿಗಳಲ್ಲಿ ಕೆಲವು ಹುಡುಗರು ದಪ್ಪ ಟಯರಿನ ಹಳೇ ಸೈಕಲ್ಲುಗಳನ್ನು ಇಳಿಸತೊಡಗಿದರು. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು. ಒಂದು ಸಲ ಇಳಿಯುವಷ್ಟರಲ್ಲಿ ಹಬ್ಬಿನ ಗ್ರೀಸೆಲ್ಲ ಕಾದು ಹೊಗೆಯಾಗಿ ಹೋಗುತ್ತಿತ್ತು, ಮತ್ತೆ ಗ್ರೀಸ್ ತುಂಬಬೇಕು. ಹಾಗಾಗಿ ಅಲ್ಲಿನ ಒಂದು ಇಳಿಜಾರಿಗೆ, 1976ರಲ್ಲಿ ಅಲ್ಲಿ ಶುರುವಾದ ಓಟಕ್ಕೆ, ಮತ್ತೆ ತುಂಬು ಎಂಬರ್ಥದ ರೀಪ್ಯಾಕ್ ಎಂಬ ಹೆಸರೇ ಬಿತ್ತು. 1981ರಲ್ಲಿ ಸ್ಪೆಷಲೈಸ್ಡ್ ಕಂಪನಿ ಸ್ಟಂಪ್‌ಜಂಪರ್ ಎಂಬ ಮೌಂಟನ್ ಬೈಕನ್ನು ದೊಡ್ಡ ಪ್ರಮಾಣದಲ್ಲಿ ಮಾರುಕಟ್ಟೆಗೆ ತಂದಾಗ ಅದಕ್ಕೂ ಸ್ಪ್ರಿಂಗ್ ಇರಲಿಲ್ಲ. ಮುಂದಿನ ಫೋರ್ಕಿಗೆ ಸಸ್ಪೆನ್ಷನ್ ರೂಢಿಗೆ ಬಂದದ್ದು 1990ರ ಆಸುಪಾಸಿಗೆ. ಬೆಟ್ಟ ಹತ್ತಿ ಇಳಿಯಲು ಬೇಕಾದದ್ದು ಗಟ್ಟಿ ಗಾಲಿ, ಅಗಲ ಟಯರು, ಹಿಡಿಯುವ ಬ್ರೇಕು.

ಇನ್ನು ನಮ್ಮ ನೆಲ. ಶಹಾಪುರದ ಮಲಗಿದ ಬುದ್ಧನ ಬೆಟ್ಟ, ಸುರಪುರದ ಗುಡ್ಡ, ಯಾದಗಿರಿ ಕೋಟೆಯ ಬೆಟ್ಟ, ಎಲ್ಲವೂ ಬೋಳು ಕಲ್ಲುಬಂಡೆಗಳು. ಅವುಗಳ ಬುಡಕ್ಕೆ ಮಸಾರಿ ಮಣ್ಣು, ಗರಸು. ಸ್ವಲ್ಪ ದೂರ ಹೋದರೆ ಎರಿ ಹೊಲ, ಹತ್ತಿ, ತೊಗರಿ. ನಾರಾಯಣಪುರ ಎಡದಂಡೆ ಕಾಲುವೆ ನೀರು ಬಂದ ಕಡೆ ಭತ್ತ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಬಿಸಿಲು. ಆದರೆ ಪ್ರಾಮಾಣಿಕವಾಗಿ ಲೆಕ್ಕ ಹಾಕಿ ನೋಡಿ: ನಿಮ್ಮ ಸೈಕಲ್ ಓಡುವ ಹತ್ತು ಕಿಲೋಮೀಟರಿನಲ್ಲಿ ಎಂಟು ಕಿಲೋಮೀಟರಾದರೂ ಡಾಂಬರು, ಕಾಲುವೆ ದಂಡೆಯ ರಸ್ತೆ, ಊರೊಳಗಿನ ಸಿಮೆಂಟು. ಉಳಿದದ್ದಷ್ಟೇ ಕಲ್ಲು. ಅದನ್ನು ನೋಡಿಯೇ ಕೊಳ್ಳಬೇಕು.

ಎಲ್ಲಿ ಕೊಳ್ಳುವುದು? ಬೆಂಗಳೂರಿನಲ್ಲಿ 2009ರಲ್ಲಿ ಬಾಗಿಲು ತೆರೆದ ಫ್ರಾನ್ಸ್ ಮೂಲದ ಡೆಕಥ್ಲಾನ್ ಈಗ ಹೈದರಾಬಾದಿನಲ್ಲೂ ಇದೆ, ರಾಕ್‌ರೈಡರ್ ಎಂಬುದು ಅವರದೇ ಮೌಂಟನ್ ಬೈಕುಗಳ ಹೆಸರು. ಹರ್ಕ್ಯುಲಿಸ್, ಬಿಎಸ್ಎ, ಮಾಂಟ್ರಾ ಚೆನ್ನೈನ ಟಿಐ ಸೈಕಲ್ಸ್‌ನವು. ಲುಧಿಯಾನದ ಹೀರೋ ಸೈಕಲ್ಸ್ 2015ರಲ್ಲಿ ಫೈರ್‌ಫಾಕ್ಸ್ ಅನ್ನೂ ಕೊಂಡುಕೊಂಡಿತು. ದೊಡ್ಡ ಮಳಿಗೆಯ ಲಾಭ ಏನೆಂದರೆ ಬೆಲೆ ಚೀಟಿ ಎದುರಿಗೇ ಇರುತ್ತದೆ, ಒಳಗೇ ಒಂದು ಸುತ್ತು ಹೊಡೆದು ನೋಡಬಹುದು, ಬಿಲ್ಲು ಸಿಗುತ್ತದೆ. ನಷ್ಟ ಏನೆಂದರೆ ಆ ಮಳಿಗೆ ಹೈದರಾಬಾದಿನಲ್ಲಿದ್ದರೆ ನಮಗೆ ಇನ್ನೂರು ಕಿಲೋಮೀಟರಿಗೂ ಆಚೆ, ಬೆಂಗಳೂರಿನಲ್ಲಿದ್ದರೆ ಅದರ ಎರಡು ಪಟ್ಟಿಗೂ ಹೆಚ್ಚು. ಉಚಿತ ಸರ್ವಿಸ್ ಎಂಬ ಮಾತಿಗೆ ವನದುರ್ಗದಲ್ಲಿ ಬೆಲೆಯಿಲ್ಲ. ಗೇರ್ ಸರಿ ಮಾಡಿಸಲು ಯಾರೂ ಯಾದಗಿರಿಯಲ್ಲಿ ರೈಲು ಹತ್ತುವುದಿಲ್ಲ.

ಆದ್ದರಿಂದ ಮಳಿಗೆಗೆ ಹೋಗುವ ಮೊದಲು ನಿಮ್ಮೂರಿನ ಪಂಕ್ಚರ್ ಅಂಗಡಿಗೆ ಹೋಗಿ. ಹುಡುಗನಿಗೆ ಎರಡನೇ ಸೈಕಲ್ ಕೊಳ್ಳುವಾಗ ನಾನು ಹಾಗೆಯೇ ಮಾಡಿದೆ. ಆ ಅಂಗಡಿಯ ಚಾಚಾ ಮೂವತ್ತು ವರ್ಷದಿಂದ ಸೈಕಲ್ ಬಿಚ್ಚಿ ಕಟ್ಟಿದವರು. "ಗಾಲಿ ನೋಡ್ರಿ ಮಾಸ್ತರ್ರ, ಬಣ್ಣ ಆಮ್ಯಾಲೆ ನೋಡ್ರಿ" ಅಂದರು. ಆಮೇಲೆ ತಮ್ಮಲ್ಲಿರುವ ಟಯರುಗಳನ್ನು ಒಂದೊಂದಾಗಿ ಇಳಿಸಿ ತೋರಿಸಿದರು. ಸರ್ಕಾರ 2006-07ರಿಂದ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದ ಮೇಲೆ ಹಳ್ಳಿಹಳ್ಳಿಯಲ್ಲೂ ಸಾದಾ ಸೈಕಲ್ಲಿನ ಸಾಮಾನು, ಅದನ್ನು ಬಲ್ಲ ಕೈ ಎರಡೂ ಸಿಗುವಂತಾಯಿತು. ನಿಮ್ಮ ಹೊಸ ಸೈಕಲ್ಲಿನ ಎಷ್ಟು ಭಾಗಗಳು ಆ ಕೈಗೆ ಒಗ್ಗುತ್ತವೆಯೋ ಅಷ್ಟು ವರ್ಷ ಅದು ಓಡುತ್ತದೆ.

ಟಯರಿನ ಅಳತೆಯಲ್ಲೇ ಬಹಳ ಜನ ಮೋಸ ಹೋಗುತ್ತಾರೆ. ಸೈಕಲ್ಲಿನ ಮೇಲೆ 26 ಎಂದು ಬರೆದಿದ್ದರೆ ಅಂಗಡಿಯಲ್ಲಿರುವ ಎಲ್ಲ 26ರ ಟಯರೂ ಕೂರುತ್ತದೆ ಎಂದುಕೊಳ್ಳಬೇಡಿ. ಮೌಂಟನ್ ಬೈಕಿನ 26 x 1.95 ಟಯರು ಕೂರುವ ರಿಮ್ಮಿನ ಅಳತೆ 559 ಮಿ.ಮೀ. ಸಾದಾ ಸೈಕಲ್ಲಿಗೆ ಬರುವ 26 x 1½ ಟಯರಿನದು 584. ಈಗ ಹೊಸದೆಂದು ಮಾರುವ 27.5 ಗಾಲಿಯದೂ ಅದೇ 584. ದೊಡ್ಡದಾದ 29ರ ಗಾಲಿಯದು 622. ಈ ಮೂರಂಕಿ ಟಯರಿನ ಪಕ್ಕದಲ್ಲಿ ಸಣ್ಣದಾಗಿ ಅಚ್ಚಾಗಿರುತ್ತದೆ. ಅದನ್ನು ಬರೆದುಕೊಂಡು ಹೋಗಿ, ಆ ಅಂಕಿಯ ಟಯರು ಟ್ಯೂಬು ಶಹಾಪುರ ಅಥವಾ ಸುರಪುರದ ಅಂಗಡಿಯಲ್ಲಿದೆಯೇ ಕೇಳಿ. ಇಲ್ಲ ಅಂದರೆ ಒಂದೋ ಬೇರೆ ಅಳತೆ ಆರಿಸಿ, ಇಲ್ಲವೇ ಸೈಕಲ್ ಜೊತೆಗೇ ಎರಡು ಟ್ಯೂಬು ಹೆಚ್ಚಿಗೆ ಕೊಂಡುತನ್ನಿ. ಟ್ಯೂಬಿನ ಬಾಯಿ ಮೋಟಾರ್ ಸೈಕಲ್ಲಿನಂಥದ್ದೇ ಇರಲಿ. ಆಗ ಯಾವ ಟಯರ್ ಅಂಗಡಿಯ ಗಾಳಿಯೂ ನಡೆಯುತ್ತದೆ. ಅಲ್ಲಿ ತುಂಬಿಸುವಾಗ ಎದುರಿಗೇ ನಿಂತಿರಿ. ಟಯರಿನ ಮೇಲೆ ಬರೆದ ಒತ್ತಡ ಬಹಳ ಮೀರಿದರೆ ಕ್ಷಣದಲ್ಲಿ ಸಿಡಿಯಬಹುದು.

ಮಳಿಗೆಯ ಒಳಗೆ ಹೋಗುವಾಗ ಜೇಬಿನಲ್ಲಿ ಒಂದು ಅಯಸ್ಕಾಂತ ಇಟ್ಟುಕೊಳ್ಳಿ. ಫ್ರಿಜ್ಜಿಗೆ ಅಂಟಿಸುವಂಥ ಸಣ್ಣದು ಸಾಕು. ಮೊದಲು ರಿಮ್ಮಿಗೆ ಹಿಡಿಯಿರಿ. ಅಂಟಿಕೊಂಡರೆ ಅದು ಉಕ್ಕಿನದು. ಉಕ್ಕಿನ ರಿಮ್ಮಿಗೆ ರಬ್ಬರ್ ಬ್ರೇಕ್ ಇದ್ದರೆ ಮಳೆಯಲ್ಲಿ ಬ್ರೇಕ್ ಹಿಡಿಯುವುದಿಲ್ಲ, ಅಂಥದ್ದನ್ನು ಬಿಟ್ಟುಬಿಡಿ. ಅಲ್ಯೂಮಿನಿಯಂ ರಿಮ್ಮಿಗೆ ಅಯಸ್ಕಾಂತ ಅಂಟುವುದಿಲ್ಲ. ಅದರಲ್ಲೂ ಡಬಲ್ ವಾಲ್ ರಿಮ್ ಕೇಳಿ: ಒಳಗೆ ಎರಡು ಪದರ ಇರುವುದರಿಂದ ಕಲ್ಲಿಗೆ ಬಡಿದರೂ ಸುಲಭಕ್ಕೆ ಬೆಂಡಾಗದು. ಫ್ರೇಮ್ ಮಾತ್ರ ಉಕ್ಕಿನದಾದರೂ ಚಿಂತೆಯಿಲ್ಲ. ಸ್ವಲ್ಪ ಭಾರ, ಆದರೆ ಮುರಿದರೆ ಊರಲ್ಲೇ ವೆಲ್ಡಿಂಗ್ ಆಗುತ್ತದೆ. ಅಲ್ಯೂಮಿನಿಯಂ ಫ್ರೇಮಿಗೆ ಆ ಅನುಕೂಲ ಇಲ್ಲ, ಬದಲಿಗೆ ಹಗುರ.

ಗಾಲಿಯನ್ನು ಮೇಲೆತ್ತಿ ತಿರುಗಿಸಿ. ರಿಮ್ಮು ಬ್ರೇಕಿನ ರಬ್ಬರಿಗೆ ಒಮ್ಮೆ ಹತ್ತಿರ ಒಮ್ಮೆ ದೂರ ಆಗುತ್ತಿದ್ದರೆ ಅಂಗಡಿಯಲ್ಲೇ ಬೆಂಡ್ ತೆಗೆಸಿ. ಎರಡೆರಡು ಕಡ್ಡಿಗಳನ್ನು ಬೆರಳಲ್ಲಿ ಹಿಂಡಿ ನೋಡುತ್ತ ಒಂದು ಸುತ್ತು ಬನ್ನಿ. ಒಂದು ಬಿಗಿ ಒಂದು ಸಡಿಲ ಇರಬಾರದು. ಆಮೇಲೆ ಗಾಲಿಯನ್ನು ಹಿಡಿದು ಎಡಕ್ಕೂ ಬಲಕ್ಕೂ ಅಲ್ಲಾಡಿಸಿ. ಟಕ್ ಟಕ್ ಅಂದರೆ ಹಬ್ಬಿನ ಕೋನ್ ಸಡಿಲ ಇದೆ. ಪೆಡಲಿನ ತೋಳನ್ನೂ ಹಾಗೆಯೇ ಅಲ್ಲಾಡಿಸಿ. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದಕ್ಕೆ ಮುಂದಕ್ಕೆ ನೂಕಿ. ಹ್ಯಾಂಡಲಿನ ಬುಡದಲ್ಲಿ ಆಟ ಗೊತ್ತಾದರೆ ಅದನ್ನೂ ಬಿಗಿ ಮಾಡಿಸಬೇಕು. ಇದಕ್ಕೆಲ್ಲ ಐದು ನಿಮಿಷ ಸಾಕು. ಮಳಿಗೆಯವರು ಬೇಸರ ಪಟ್ಟರೆ ಪಡಲಿ, ದುಡ್ಡು ನಿಮ್ಮದು, ಇಳಿಜಾರಿನಲ್ಲಿ ಇಳಿಯುವ ಮೈ ನಿಮ್ಮ ಮಗನದು.

ಬ್ರೇಕಿನ ವಿಷಯದಲ್ಲಿ ನನ್ನ ಮತ ಸ್ಪಷ್ಟ. ಹದಿನೈದು ಸಾವಿರದ ಒಳಗೆ ವಿ-ಬ್ರೇಕ್ ತೆಗೆದುಕೊಳ್ಳಿ. ಎರಡು ಉದ್ದ ತೋಳುಗಳು ರಿಮ್ಮನ್ನು ಎರಡೂ ಕಡೆಯಿಂದ ಅವುಚುವ ಬ್ರೇಕದು. ರಬ್ಬರು ಎಲ್ಲ ಕಡೆ ಸಿಗುತ್ತದೆ, ಕೇಬಲ್ ಬದಲಿಸುವುದು ಯಾರಿಗಾದರೂ ಬರುತ್ತದೆ, ಹಿಡಿತ ಚೆನ್ನಾಗಿರುತ್ತದೆ. ಅಗ್ಗದ ಡಿಸ್ಕ್ ಬ್ರೇಕಿನ ತಟ್ಟೆ ತೆಳ್ಳಗಿರುತ್ತದೆ, ಬಸ್ಸಿನ ಮೇಲೆ ಹಾಕಿದಾಗ ಒಂದು ಪೆಟ್ಟಿಗೆ ಬೆಂಡಾಗುತ್ತದೆ, ಅದರ ಪ್ಯಾಡ್ ಹುಡುಕಲು ಊರೂರು ಅಲೆಯಬೇಕು. ಡಿಸ್ಕಿಗೂ ಅದರದೇ ಗುಣವೊಂದಿದೆ, ಅದನ್ನು ಮುಚ್ಚಿಡಬಾರದು. ಎರಿ ಮಣ್ಣಿನಲ್ಲಿ ಮಳೆ ಬಿದ್ದಾಗ ರಿಮ್ಮಿನ ಬ್ರೇಕಿನೊಳಗೆ ಕೆಸರು ಮೆತ್ತಿಕೊಂಡು ಗಾಲಿಯೇ ತಿರುಗದಂತಾಗುತ್ತದೆ. ಡಿಸ್ಕಿಗೆ ಆ ಕಾಟ ಕಡಿಮೆ. ಆದರೆ ಆ ಕೆಸರಿನಲ್ಲಿ ಕೊನೆಗೆ ಎಲ್ಲ ಸೈಕಲ್ಲನ್ನೂ ಹೆಗಲ ಮೇಲೆ ಹೊರಬೇಕಾಗುತ್ತದೆ. ಹೊರುವಾಗ 14 ಕೆ.ಜಿ.ಗೂ 19 ಕೆ.ಜಿ.ಗೂ ಇರುವ ಅಂತರ ಚೆನ್ನಾಗಿ ತಿಳಿಯುತ್ತದೆ.

ಹಿಂದಿನ ಸ್ಪ್ರಿಂಗ್ ಬೇಡವೇ ಬೇಡ. ತುಳಿದ ಬಲದಲ್ಲಿ ಒಂದು ಪಾಲು ಅದೇ ನುಂಗುತ್ತದೆ, ಅದರ ಬುಷ್ ಸವೆದರೆ ಫ್ರೇಮೇ ಓಲಾಡುತ್ತದೆ. ಮುಂದಿನ ಸ್ಪ್ರಿಂಗ್ ಬೇಕೇ ಎಂಬುದು ನಿಮ್ಮ ಹಾದಿಯ ಮೇಲಿದೆ. ಹ್ಯಾಂಡಲ್ ಮೇಲೆ ಭಾರ ಹಾಕಿ ಒತ್ತಿದಾಗ ಇಳಿದು ಮೆಲ್ಲಗೆ ಮೇಲೆದ್ದರೆ ಇರಲಿ, ಚಿಮ್ಮಿ ಬಡಿದರೆ ಬೇಡ.

ಗೇರಿನ ಸಂಖ್ಯೆಗೆ ಮರುಳಾಗಬೇಡಿ, ಹಲ್ಲುಗಳನ್ನು ಎಣಿಸಿ. ಮುಂದಿನ ಸಣ್ಣ ಚಕ್ರಕ್ಕೆ 24, ಹಿಂದಿನ ದೊಡ್ಡ ಚಕ್ರಕ್ಕೆ 28 ಹಲ್ಲಿದ್ದರೆ ಪೆಡಲ್ ಒಂದು ಸುತ್ತಿಗೆ ಸೈಕಲ್ ಸುಮಾರು 1.8 ಮೀಟರ್ ಮುಂದೆ ಹೋಗುತ್ತದೆ. ಸುರಪುರದ ಏರು ಹತ್ತಲು ಇದು ಬೇಕು. ಮುಂದೆ 42, ಹಿಂದೆ 14 ಹಾಕಿದರೆ ಅದೇ ಒಂದು ಸುತ್ತಿಗೆ ಆರು ಮೀಟರಿಗೂ ಮೇಲೆ. ಸಪಾಟು ರಸ್ತೆಗೆ ಇದು ಸಾಕು. ನಡುವಿನವು ಅನುಕೂಲಕ್ಕೆ. ಗುಡ್ಡ ಹತ್ತುವವರಲ್ಲದಿದ್ದರೆ ಗೇರೇ ಇಲ್ಲದ ಸೈಕಲ್ ಕೊಂಡು ಉಳಿದ ದುಡ್ಡನ್ನು ಗಾಲಿಗೆ ಹಾಕುವುದು ಜಾಣತನ. ಗೇರ್ ಬೇಕೆಂದರೆ ಶಿಮಾನೋ ಟೂರ್ನಿ ಎಂಬುದು ಈ ಬೆಲೆಗೆ ಸಾಮಾನ್ಯ, ಅದು ಸಾಕು. ಹಿಂದಿನ ಗೇರ್ ನೇತಾಡುವ ಸಣ್ಣ ತುಂಡನ್ನು ಹ್ಯಾಂಗರ್ ಅನ್ನುತ್ತಾರೆ. ಬಲಕ್ಕೆ ಬಿದ್ದರೆ ಮೊದಲು ಬಾಗುವುದು ಅದೇ. ಬಾಗಿದ ಮೇಲೆ ಗೇರ್ ಹಾರಿ ಕಡ್ಡಿಯೊಳಗೆ ಸಿಕ್ಕರೆ ಗಾಲಿಯೇ ಹೋಗುತ್ತದೆ. ಬದಲಿಸಬಹುದಾದ ಹ್ಯಾಂಗರ್ ಇರುವ ಫ್ರೇಮನ್ನೇ ಆರಿಸಿ, ಅದೇ ಮಾದರಿಯ ಇನ್ನೊಂದು ಹ್ಯಾಂಗರನ್ನು ಆ ದಿನವೇ ಕೊಂಡು ಮನೆಯಲ್ಲಿಡಿ. ಆಮೇಲೆ ನಮ್ಮ ಕಡೆ ಅದು ಸಿಗುವುದಿಲ್ಲ.

ಎತ್ತರದ ಮಾತು. ನಡುವಿನ ಕೊಳವೆಯ ಎರಡೂ ಕಡೆ ಕಾಲಿಟ್ಟು ನಿಂತಾಗ ಕೊಳವೆಗೂ ಮೈಗೂ ಮೂರು ನಾಲ್ಕು ಬೆರಳು ಸಂದಿ ಇರಬೇಕು. ಸೀಟಿನ ಮೇಲೆ ಕೂತು ಕೆಳಗಿರುವ ಪೆಡಲಿನ ಮೇಲೆ ಹಿಮ್ಮಡಿ ಇಟ್ಟರೆ ಮೊಣಕಾಲು ನೆಟ್ಟಗಾಗಬೇಕು. ಇನ್ನೂ ಬೆಳೆಯುತ್ತಾರೆ ಎಂದು ಮಕ್ಕಳಿಗೆ ಎರಡು ಅಳತೆ ದೊಡ್ಡದು ಕೊಡಿಸುವ ರೂಢಿ ನಮ್ಮಲ್ಲಿದೆ. ಬಟ್ಟೆಗೆ ಅದು ನಡೆಯುತ್ತದೆ, ಸೈಕಲ್ಲಿಗೆ ಬೇಡ. ನೆಲಕ್ಕೆ ಕಾಲು ಎಟುಕದ ಹುಡುಗಿ ಲಾರಿಯ ಪಕ್ಕದಲ್ಲಿ ನಿಲ್ಲಿಸಬೇಕಾದಾಗ ಏನಾಗುತ್ತದೆ ಎಂದು ಯೋಚಿಸಿ.

ಈಗ ದುಡ್ಡು. ನಾನು ಕಂಡಂತೆ ಆರೇಳು ಸಾವಿರಕ್ಕೆ ಗೇರಿಲ್ಲದ ಗಟ್ಟಿ ಉಕ್ಕಿನ ಸೈಕಲ್ ಸಿಗುತ್ತದೆ, ಹತ್ತರಿಂದ ಹದಿನೈದರ ನಡುವೆ ಗೇರಿನದು, ಅಲ್ಲಿಂದ ಮೇಲೆ ಅಲ್ಯೂಮಿನಿಯಂ ಫ್ರೇಮ್ ಶುರು. ಸೈಕಲ್ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 12ರ ಬದಲು ಶೇ 5 ಆಗಿದೆ; ಬಿಲ್ಲಿನಲ್ಲಿ ಅದನ್ನು ನೋಡಿ. ಚೀಟಿಯಲ್ಲಿರುವ ಬೆಲೆಗೆ ಇನ್ನೂ ಒಂದೂವರೆ ಸಾವಿರ ಸೇರಿಸಿಕೊಂಡೇ ಹೊರಡಿ. ಸ್ಟ್ಯಾಂಡು, ಮಡ್‌ಗಾರ್ಡು, ಬೆಲ್ಲು, ಬೀಗ, ಪಂಪು ಬಹಳ ಮಳಿಗೆಗಳಲ್ಲಿ ಬೇರೆಯೇ ಲೆಕ್ಕ. ಮಡ್‌ಗಾರ್ಡ್ ಟಯರಿಗೆ ಅಂಟಿದಂತಿರುವುದು ಬೇಡ, ನಡುವೆ ಎರಿ ಮಣ್ಣು ಸಿಕ್ಕಿಕೊಳ್ಳುತ್ತದೆ. ಪೆಡಲ್ ತೋಳು ಕೂಡುವ ಕೊಳವೆಯ ಕೆಳಗೆ ಕೆತ್ತಿದ ಫ್ರೇಮ್ ನಂಬರನ್ನು ಬಿಲ್ಲಿನ ಹಿಂದೆ ಬರೆದಿಡಿ, ಕಳುವಾದರೆ ಪೊಲೀಸರು ಕೇಳುವುದು ಅದನ್ನೇ.

ಡಬ್ಬಿಯಲ್ಲಿ ಅರೆಬರೆ ಜೋಡಿಸಿ ಬರುವ ಸೈಕಲ್ ತರುವವರು ಎರಡು ಕಡೆ ಎಚ್ಚರದಿಂದಿರಬೇಕು. ಒಂದು, ನಮ್ಮ ಹುಡುಗನ ಸೈಕಲ್ಲಿನಂತೆ ಫೋರ್ಕ್ ತಿರುಗಿರಬಾರದು. ಗಾಲಿಯ ಎಕ್ಸಲ್ ಫೋರ್ಕಿನ ಗೆರೆಗಿಂತ ಮುಂದಕ್ಕಿರಬೇಕು, ಡಿಸ್ಕ್ ಇದ್ದರೆ ಸವಾರನ ಎಡಗಡೆ ಬರಬೇಕು. ಎರಡು, ಎಡ ಪೆಡಲಿನ ಮರೆ ಉಲ್ಟಾ ಇರುತ್ತದೆ. ಪೆಡಲಿನ ತುದಿಯಲ್ಲಿ ಎಲ್, ಆರ್ ಎಂಬ ಇಂಗ್ಲಿಷ್ ಅಕ್ಷರಗಳಿರುತ್ತವೆ, ಎಲ್ ಅಂದರೆ ಎಡ. ಅದನ್ನು ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ. ಕೈಯಲ್ಲೇ ಮೂರು ಸುತ್ತು ಒಳಗೆ ಹೋದ ಮೇಲೆ 15 ನಂಬರಿನ ಪಾನಾ ಹಾಕಿ. ಮೊದಲೇ ಪಾನಾ ಹಾಕಿ ಬಲವಂತ ಮಾಡಿದರೆ ತೋಳಿನ ಮರೆ ಹರಿದು ಹೋಗುತ್ತದೆ, ಆಮೇಲೆ ಆ ತೋಳನ್ನೇ ಎಸೆಯಬೇಕು.

ಹಳೇ ಸೈಕಲ್ ಮಾರಿ ಬಂದದ್ದಕ್ಕೆ ಇನ್ನಷ್ಟು ಕೂಡಿಸಿ ನಾವು ಎರಡನೇ ಸಲ ತಂದದ್ದು ಅಲ್ಯೂಮಿನಿಯಂ ಫ್ರೇಮು, ಸ್ಪ್ರಿಂಗಿಲ್ಲದ ಫೋರ್ಕು, ವಿ-ಬ್ರೇಕು, ಹಲ್ಲು ಎಣಿಸಿ ಆರಿಸಿದ ಗೇರು. ಅದೇ ಹತ್ತಿ ತೂಗುವ ಯಂತ್ರದಲ್ಲಿ 14.5 ಕೆ.ಜಿ. ಮೊದಲ ನೂರು ನೂರೈವತ್ತು ಕಿಲೋಮೀಟರಿಗೆ ಹೊಸ ಕಡ್ಡಿಗಳು ಕೂತು ಸಡಿಲವಾಗುತ್ತವೆ, ಕೇಬಲ್ ಜಗ್ಗುತ್ತದೆ, ಪೆಡಲ್ ತೋಳಿನ ಬೋಲ್ಟು ಬಿಡುತ್ತದೆ. ಆಗ ತಪ್ಪದೆ ಒಮ್ಮೆ ಎಲ್ಲ ಬಿಗಿ ಮಾಡಿಸಬೇಕು. ಚಾಚಾ ಅರ್ಧ ತಾಸಿನಲ್ಲಿ ಮಾಡಿಕೊಟ್ಟರು. ಹಳೇ ಟ್ಯೂಬೊಂದನ್ನು ಉದ್ದಕ್ಕೆ ಸೀಳಿ ಹೊಸ ಟಯರಿನ ಒಳಗೆ ಪಟ್ಟಿಯಂತೆ ಹಾಸಿದರು. ಸ್ವಲ್ಪ ಭಾರವಾಯಿತು, ಆದರೆ ಸಣ್ಣ ನೆಗ್ಗಿಲು ಈಗ ಒಳಗಿನ ಟ್ಯೂಬಿನ ತನಕ ಹೋಗುವುದಿಲ್ಲ.

ಜಾಲಿ ಮುಳ್ಳು ಇನ್ನೂ ಹೋಗುತ್ತದೆ. ಪಂಕ್ಚರ್ ಹಾಕಿದ ಮೇಲೂ ಮತ್ತೆ ಅದೇ ಜಾಗದಲ್ಲಿ ಗಾಳಿ ಇಳಿದರೆ ಮುರಿದ ಮೊನೆ ಟಯರಿನೊಳಗೇ ಉಳಿದಿದೆ ಎಂದು ಅರ್ಥ. ಅದು ಕಣ್ಣಿಗೆ ಕಾಣುವುದಿಲ್ಲ, ಬೆರಳಾಡಿಸಿದರೆ ಬೆರಳಿಗೇ ಚುಚ್ಚುತ್ತದೆ. ಒಂದು ಚಿಟಿಕೆ ಹತ್ತಿ ತೆಗೆದುಕೊಂಡು ಟಯರಿನ ಒಳಮೈಯ ಸುತ್ತ ಮೆಲ್ಲಗೆ ಒರೆಸುತ್ತ ಬನ್ನಿ. ಮುಳ್ಳಿರುವ ಕಡೆ ಹತ್ತಿಯ ಎಳೆ ಸಿಕ್ಕಿ ನಿಲ್ಲುತ್ತದೆ. ಅಲ್ಲಿ ಉಗುರಿನಿಂದ ಕಿತ್ತರೆ ಆಯಿತು. ನಮ್ಮ ಹುಡುಗ ಈಗ ಪಾನಾ, ಪ್ಯಾಚು, ಪಂಪಿನ ಜೊತೆ ಸೀಟಿನ ಕೆಳಗಿನ ಚೀಲದಲ್ಲಿ ಹೊಲದಿಂದ ತಂದ ಒಂದು ಹಿಡಿ ಹತ್ತಿಯನ್ನೂ ಇಟ್ಟಿರುತ್ತಾನೆ.